ಸ್ವಂತ ಪ್ರೋಗ್ರಾಮಿಂಗ್ ಭಾಷೆ: ಕುಂದಾಪುರದಲ್ಲಿ ಕೂತು ಎಲ್ಲಿಂದ ಶುರು ಮಾಡುವುದು?

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವವರ ಕೈಯಲ್ಲಿರುವ ಫೋನುಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್. ಅವುಗಳಲ್ಲಿ ನಡೆಯುವ ಆ್ಯಪ್‌ಗಳಲ್ಲಿ ಬಹಳಷ್ಟು ಜಾವಾದಲ್ಲೋ ಕೋಟ್ಲಿನ್‌ನಲ್ಲೋ ಬರೆದವು. ಜಾವಾ 1995ರಷ್ಟು ಹಳೆಯದು. ಕೋಟ್ಲಿನ್ ಹಾಗಲ್ಲ. ಜೆಟ್‌ಬ್ರೇನ್ಸ್ ಎಂಬ ಕಂಪನಿ ಅದನ್ನು ಹೊರಜಗತ್ತಿಗೆ ತೋರಿಸಿದ್ದು 2011ರಲ್ಲಿ, ಮೊದಲ ಪೂರ್ಣ ಆವೃತ್ತಿ ಬಂದದ್ದು 2016ರ ಫೆಬ್ರವರಿಯಲ್ಲಿ. ಮರುವರ್ಷವೇ ಗೂಗಲ್ ಅದನ್ನು ಆಂಡ್ರಾಯ್ಡ್‌ನ ಅಧಿಕೃತ ಭಾಷೆಗಳ ಸಾಲಿಗೆ ಸೇರಿಸಿತು. ಪ್ರೋಗ್ರಾಮರ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ಮಾರಿಕೊಂಡಿದ್ದ ಕಂಪನಿಯೊಂದು ಇಷ್ಟು ಬೇಗ ಒಂದು ಭಾಷೆ ಕಟ್ಟಿ ಕೋಟ್ಯಂತರ ಫೋನುಗಳಿಗೆ ಮುಟ್ಟಿಸಿದ್ದು ಹೇಗೆ? ಅವರು ಎಲ್ಲವನ್ನೂ ತಾವೇ ಕಟ್ಟಲು ಹೋಗಲಿಲ್ಲ. ಜಾವಾಕ್ಕಾಗಿ ಆಗಲೇ ಸಿದ್ಧವಾಗಿದ್ದ ವ್ಯವಸ್ಥೆಯ ಮೇಲೆ ತಮ್ಮ ಭಾಷೆಯನ್ನು ಕೂರಿಸಿದರು.

ಅದೇ ದಾರಿ ಮೂಡ್ಲಕಟ್ಟೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಗೂ, ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿಸಿಎ ಓದುವ ಹುಡುಗನಿಗೂ, ಬೈಂದೂರು ಅಥವಾ ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಕೆಲಸ ಮಾಡಿ ಬರುವವರಿಗೂ ತೆರೆದಿದೆ. ಆದರೆ ಸ್ವಂತ ಪ್ರೋಗ್ರಾಮಿಂಗ್ ಭಾಷೆ ಎಂದಾಕ್ಷಣ ನಮ್ಮ ಕಡೆ ಬರುವ ಮಾತು ಒಂದೇ: ‘ಅದೆಲ್ಲ ನಮ್ಗ್ ಆಪ್ದಲ್ಲ ಮಾರಾಯ್ರೆ.’ ಆಗುತ್ತದೆ. ಬುದ್ಧಿಯ ಕೊರತೆ ಇಲ್ಲಿ ಅಡ್ಡ ಬರುವುದಿಲ್ಲ, ಸಲಕರಣೆಯ ಕೊರತೆಯೂ ಬರುವುದಿಲ್ಲ. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಓದಬೇಕು ಎಂಬುದನ್ನು ಹೇಳುವವರಿಲ್ಲದೆ ಹೆಚ್ಚಿನವರು ಅರ್ಧದಲ್ಲಿ ಬಿಡುತ್ತಾರೆ. ಅದನ್ನೇ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲು ಆ ವ್ಯವಸ್ಥೆ ಏನೆಂದು ನೋಡೋಣ. ಹಳೆಯ ಪದ್ಧತಿಯಲ್ಲಿ ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಪ್ರೊಸೆಸರ್‌ಗೆ ಅರ್ಥವಾಗುವ ಅಂಕಿಗಳಿಗೆ ನೇರವಾಗಿ ಇಳಿಸುವ ಸಾಫ್ಟ್‌ವೇರ್. ಇಂಟೆಲ್‌ಗೆ ಒಂದು, ಫೋನಿನಲ್ಲಿರುವ ಎಆರ್‌ಎಂ ಚಿಪ್ಪಿಗೆ ಇನ್ನೊಂದು, ವಿಂಡೋಸ್‌ಗೆ ಒಂದು ರೀತಿ, ಲಿನಕ್ಸ್‌ಗೆ ಮತ್ತೊಂದು ರೀತಿ. ಮೆಮೊರಿಯಲ್ಲಿ ಎಷ್ಟು ಜಾಗ ಪಡೆದೆ, ಯಾವಾಗ ಬಿಟ್ಟೆ ಎಂಬ ಲೆಕ್ಕವೂ ಭಾಷೆ ಕಟ್ಟುವವನದೇ. ಮ್ಯಾನೇಜ್ಡ್ ರನ್‌ಟೈಮ್ ಬಂದ ಮೇಲೆ ಈ ಹೊರೆಯ ದೊಡ್ಡ ಪಾಲು ಇಳಿಯಿತು. ರನ್‌ಟೈಮ್ ಎಂಬುದು ಕಂಪ್ಯೂಟರಿನೊಳಗೆ ನಡೆಯುವ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್. ಅದಕ್ಕೆ ತನ್ನದೇ ಆದ ಚಿಕ್ಕ ಆದೇಶಗಳ ಪಟ್ಟಿ ಇರುತ್ತದೆ. ಆ ಆದೇಶಗಳಿಗೆ ಬೈಟ್‌ಕೋಡ್ ಎನ್ನುತ್ತಾರೆ. ನಮ್ಮ ಕಂಪೈಲರ್ ಬೈಟ್‌ಕೋಡ್ ತನಕ ತಂದುಕೊಟ್ಟರೆ ಸಾಕು. ಅದನ್ನು ಆಯಾ ಚಿಪ್ಪಿನ ಭಾಷೆಗೆ ಓಡುವಾಗಲೇ ಇಳಿಸುವುದು, ಬಳಕೆ ಮುಗಿದ ಮೆಮೊರಿಯನ್ನು ಗುಡಿಸುವುದು, ತಪ್ಪು ಕೋಡ್ ಒಳನುಗ್ಗದಂತೆ ತಪಾಸಣೆ ಮಾಡುವುದು ಎಲ್ಲವನ್ನೂ ರನ್‌ಟೈಮ್ ನೋಡಿಕೊಳ್ಳುತ್ತದೆ.

ನಮ್ಮ ಬಡಗುತಿಟ್ಟಿನ ಯಕ್ಷಗಾನವನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಹೊಸ ಪ್ರಸಂಗ ಬರೆಯುವ ಕವಿ ರಂಗಸ್ಥಳ ಕಟ್ಟುವುದಿಲ್ಲ, ಚೆಂಡೆ ಮದ್ದಳೆ ತರುವುದಿಲ್ಲ, ಚೌಕಿಯಲ್ಲಿ ಬಣ್ಣ ಹಚ್ಚುವುದಿಲ್ಲ. ಪದ್ಯ ಬರೆದು ಅದರ ರಾಗ ತಾಳ ನಮೂದಿಸುತ್ತಾನೆ. ಸಾಲಿಗ್ರಾಮ ಮೇಳವಿರಲಿ, ಮಂದಾರ್ತಿ ಮೇಳವಿರಲಿ, ಭಾಗವತರು ಆ ಗುರುತು ನೋಡಿ ಹಾಡಬಲ್ಲರು. ಉಳಿದದ್ದೆಲ್ಲ ಮೇಳದ ಜವಾಬ್ದಾರಿ. ಬೈಟ್‌ಕೋಡ್ ಎಂದರೆ ಆ ರಾಗ ತಾಳ ಗುರುತಿಸಿದ ಪದ್ಯ, ರನ್‌ಟೈಮ್ ಎಂದರೆ ಮೇಳ. ಪ್ರಸಂಗ ನಿಮ್ಮದು.

ಇಂಥ ರನ್‌ಟೈಮ್‌ಗಳಲ್ಲಿ ಕಲಿಯುವವರಿಗೆ ಮುಖ್ಯವಾದವು ಎರಡು. ಒಂದು ಸನ್ ಮೈಕ್ರೋಸಿಸ್ಟಮ್ಸ್ ಜಾವಾ ಜೊತೆ ತಂದ ಜಾವಾ ವರ್ಚುವಲ್ ಮಷಿನ್, ಅಂದರೆ ಜೆವಿಎಂ. ಇನ್ನೊಂದು ಮೈಕ್ರೋಸಾಫ್ಟ್ 2002ರಲ್ಲಿ ಹೊರತಂದ ಡಾಟ್‌ನೆಟ್‌ನ ಒಳಗಿರುವ ಸಿಎಲ್‌ಆರ್. ಈ ಕಲ್ಪನೆ ಅವರಿಗಿಂತ ಹಳೆಯದು. 1970ರ ದಶಕದಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದವರು ಪ್ಯಾಸ್ಕಲ್ ಭಾಷೆಯನ್ನು ಪಿ-ಕೋಡ್ ಎಂಬ ನಡುಭಾಷೆಗೆ ಇಳಿಸಿ ಬೇರೆಬೇರೆ ಯಂತ್ರಗಳಲ್ಲಿ ಓಡಿಸಿದ್ದರು. ಆದರೆ ಬೇರೆಯವರೂ ತಮ್ಮ ಭಾಷೆಗಳನ್ನು ತಂದು ಕೂರಿಸಲು ಸಾಲುಗಟ್ಟಿದ್ದು ಜೆವಿಎಂ ಮತ್ತು ಸಿಎಲ್‌ಆರ್ ಮೇಲೆಯೇ. ಸ್ಕಾಲಾ, ಗ್ರೂವಿ, ಕ್ಲೋಜರ್, ಕೋಟ್ಲಿನ್ ಜೆವಿಎಂ ಮೇಲೆ. ಎಫ್ ಶಾರ್ಪ್, ಐರನ್‌ಪೈಥಾನ್ ಸಿಎಲ್‌ಆರ್ ಮೇಲೆ. ಇವುಗಳಲ್ಲಿ ಕ್ಲೋಜರ್ ಕಥೆ ನಮ್ಮ ಊರಿನವರಿಗೆ ಧೈರ್ಯ ಕೊಡಬೇಕು. 2007ರಲ್ಲಿ ಬಂದ ಆ ಭಾಷೆಯ ಮೊದಲ ರೂಪವನ್ನು ಕಟ್ಟಿದ್ದು ರಿಚ್ ಹಿಕ್ಕಿ ಎಂಬ ಒಬ್ಬ ಪ್ರೋಗ್ರಾಮರ್. ಹಿಂದೆ ದೊಡ್ಡ ಕಂಪನಿ ಇರಲಿಲ್ಲ.

ಈಗ ಒಂದು ಚಿಕ್ಕ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗಂಗೊಳ್ಳಿ ಬಂದರಿನಲ್ಲಿ ಬಂಗುಡೆ ಕೊಂಡವರೊಬ್ಬರು ಕೊಡಬೇಕಾದ ಹಣ ಎಷ್ಟು? ತೂಕವನ್ನು ದರದಿಂದ ಗುಣಿಸಿ, ಹೊರೆ ಇಳಿಸಿದ ಕೂಲಿ ಸೇರಿಸಿದರೆ ಆಯಿತು. 12 ಕಿಲೋ, ಕಿಲೋಗೆ 150 ರೂಪಾಯಿ, ಕೂಲಿ 200 ಎಂದುಕೊಳ್ಳಿ. ಜಾವಾದಲ್ಲಿ ತೂಕ, ದರ, ಕೂಲಿ ಮೂರನ್ನೂ ಹೊರಗಿನಿಂದ ಪಡೆದು ಉತ್ತರ ಹಿಂದಿರುಗಿಸುವ ಫಂಕ್ಷನ್ ಆಗಿ ಈ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದು ಕಂಪೈಲ್ ಮಾಡಿ. ಬಳಿಕ ಜಾವಾ ಜೊತೆಗೇ ಬರುವ ‘ಜಾವಾಪಿ’ ಎಂಬ ಸಾಧನದಿಂದ ಒಳಗೇನಿದೆ ಎಂದು ಇಣುಕಿದರೆ ಆರೇ ಆದೇಶಗಳು ಕಾಣುತ್ತವೆ. ಮೊದಲನೆಯದು ತೂಕವನ್ನು ತಂದಿಡು ಎನ್ನುತ್ತದೆ. ಎರಡನೆಯದು ದರವನ್ನು ಅದರ ಮೇಲಿಡು ಎನ್ನುತ್ತದೆ. ಮೂರನೆಯದು ಗುಣಿಸು: ಮೇಲಿನ ಎರಡು ಸಂಖ್ಯೆಗಳು ಹೋಗಿ ಆ ಜಾಗದಲ್ಲಿ 1800 ಕೂರುತ್ತದೆ. ನಾಲ್ಕನೆಯದು ಕೂಲಿಯನ್ನು ಮೇಲಿಡುತ್ತದೆ, ಐದನೆಯದು ಕೂಡಿಸುತ್ತದೆ, ಆರನೆಯದು ಉಳಿದ 2000ವನ್ನು ಹಿಂದಿರುಗಿಸುತ್ತದೆ. ಹೀಗೆ ಒಂದರ ಮೇಲೊಂದು ಇಟ್ಟು ಮೇಲಿನಿಂದಲೇ ತೆಗೆಯುವ ಜಾಗಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಗಮನಿಸಿ, ನಾವು ಬರೆದ ಸೂತ್ರದಲ್ಲಿ ಗುಣಾಕಾರದ ಚಿಹ್ನೆ ನಡುವಿನಲ್ಲಿತ್ತು. ಸ್ಟ್ಯಾಕ್‌ಗೆ ಇಳಿಯುವಾಗ ಮೊದಲು ವಸ್ತುಗಳು, ಕೊನೆಗೆ ಕ್ರಿಯೆ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಕನ್ನಡಿಗರಿಗೆ ಇದು ಅಪರಿಚಿತ ಕ್ರಮವಲ್ಲ.

ಇದೇ ಲೆಕ್ಕವನ್ನು ಸಿ ಶಾರ್ಪ್‌ನಲ್ಲಿ ಬರೆದು ‘ಐಎಲ್‌ಡಾಸ್ಮ್’ ಎಂಬ ಸಾಧನದಲ್ಲೋ, ಬ್ರೌಸರ್‌ನಲ್ಲೇ ಸಿಗುವ ‘ಶಾರ್ಪ್‌ಲ್ಯಾಬ್’ನಲ್ಲೋ ನೋಡಿದರೆ ಅಲ್ಲೂ ಅದೇ ಆರು ಹೆಜ್ಜೆ. ಒಂದು ವ್ಯತ್ಯಾಸ ಮಾತ್ರ. ಜೆವಿಎಂನಲ್ಲಿ ‘ಪೂರ್ಣಾಂಕ ಗುಣಿಸು’ ಎಂದು ಬಗೆಯನ್ನೂ ಸೇರಿಸಿ ಹೇಳಬೇಕು, ದಶಮಾಂಶಕ್ಕೆ ಬೇರೆಯೇ ಆದೇಶವಿದೆ. ಸಿಎಲ್‌ಆರ್‌ನಲ್ಲಿ ‘ಗುಣಿಸು’ ಎಂದರೆ ಸಾಕು, ಸ್ಟ್ಯಾಕ್ ಮೇಲೇನಿದೆ ಎಂಬುದರಿಂದ ಅದೇ ತಿಳಿದುಕೊಳ್ಳುತ್ತದೆ. ಈ ಆರು ಸಾಲನ್ನು ಕೈಯಾರೆ ಬರೆದು ಓಡಿಸಿದ ವಿದ್ಯಾರ್ಥಿಗೆ ಕಂಪೈಲರ್ ಬಗ್ಗೆ ಇರುವ ಭಯ ಅರ್ಧಕ್ಕಿಳಿಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಪಾಠ ಇಲ್ಲಿಂದ ಶುರುವಾಗಬೇಕು.

ನಮ್ಮಲ್ಲಿ ಪಾಠ ಶುರುವಾಗುವುದು ಇನ್ನೊಂದು ತುದಿಯಿಂದ. ವಿಟಿಯು 2018ರ ಪಠ್ಯಕ್ರಮದಲ್ಲಿ ‘ಸಿಸ್ಟಮ್ ಸಾಫ್ಟ್‌ವೇರ್ ಆ್ಯಂಡ್ ಕಂಪೈಲರ್ಸ್’ ಎಂಬ ಪತ್ರಿಕೆ ಇತ್ತು. 2021ರ ಪಠ್ಯಕ್ರಮದಲ್ಲಿ ‘ಆಟೊಮ್ಯಾಟಾ ಥಿಯರಿ ಆ್ಯಂಡ್ ಕಂಪೈಲರ್ ಡಿಸೈನ್’ ಎಂದು ಎರಡು ದೊಡ್ಡ ವಿಷಯಗಳು ಒಂದೇ ಪತ್ರಿಕೆಗೆ ಸೇರಿದವು. ಎರಡರಲ್ಲೂ ಹೆಚ್ಚಿನ ಸಮಯ ಹೋಗುತ್ತಿದ್ದುದು ಅಕ್ಷರಗಳನ್ನು ಪದಗಳಾಗಿ ಒಡೆಯುವುದು ಮತ್ತು ಪದಗಳಿಂದ ವಾಕ್ಯದ ರಚನೆ ಹಿಡಿಯುವುದು, ಅಂದರೆ ಪಾರ್ಸಿಂಗ್, ಇವುಗಳ ಸಿದ್ಧಾಂತಕ್ಕೆ. ಪರೀಕ್ಷೆಗೆ ಪಾರ್ಸಿಂಗ್ ಕೋಷ್ಟಕ ತುಂಬಲು ಕಲಿತ ವಿದ್ಯಾರ್ಥಿ, ಓಡುವ ಒಂದು ಪ್ರೋಗ್ರಾಮನ್ನು ತನ್ನ ಕಂಪೈಲರ್‌ನಿಂದ ಹೊರತೆಗೆಯದೆಯೇ ಸೆಮಿಸ್ಟರ್ ಮುಗಿಸಬಹುದು. ಇದಕ್ಕೆ ಮೇಷ್ಟ್ರುಗಳನ್ನು ದೂರುವಂತಿಲ್ಲ. ಪಠ್ಯದ ಮೂಲ ಆಕಾರವೇ ಹಾಗಿದೆ. ಏಹೋ, ಸೇಥಿ, ಉಲ್‌ಮನ್ 1986ರಲ್ಲಿ ಬರೆದ, ಮುಖಪುಟದ ಚಿತ್ರದಿಂದಾಗಿ ಡ್ರ್ಯಾಗನ್ ಪುಸ್ತಕ ಎಂದೇ ಹೆಸರಾದ ಗ್ರಂಥ ಆ ಕ್ರಮವನ್ನು ಹಾಕಿಕೊಟ್ಟಿತು. 2006ರ ಎರಡನೆಯ ಆವೃತ್ತಿಗೆ ಮೋನಿಕಾ ಲ್ಯಾಮ್ ಕೂಡ ಸೇರಿದರು. ಏಹೋ ಮತ್ತು ಉಲ್‌ಮನ್ ಅವರಿಗೆ 2020ರ ಟ್ಯೂರಿಂಗ್ ಪ್ರಶಸ್ತಿ ಬಂತು. ಗ್ರಂಥ ದೊಡ್ಡದು, ಅದರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಒಬ್ಬರೇ ಕೂತು ಮೊದಲ ಬಾರಿ ಭಾಷೆ ಕಟ್ಟುವವರ ಕೈಗೆ ಅದನ್ನು ಮೊದಲು ಕೊಡಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ವೈ.ಎನ್. ಶ್ರೀಕಾಂತ್ ಅವರು ಎನ್‌ಪಿಟಿಇಎಲ್‌ಗಾಗಿ ನೀಡಿದ ಕಂಪೈಲರ್ ಉಪನ್ಯಾಸಗಳೂ ಉಚಿತವಾಗಿ ಸಿಗುತ್ತವೆ, ಬಹಳ ಗಟ್ಟಿಯಾಗಿವೆ. ಅವನ್ನೂ ಎರಡನೆಯ ಹಂತಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ತಾನೇ ಒಂದು ಕಚ್ಚಾ ಕಂಪೈಲರ್ ಕಟ್ಟಿ ಎಡವಿದ ಮೇಲೆ ಆ ಉಪನ್ಯಾಸಗಳ ಒಂದೊಂದು ಮಾತೂ ಬೇರೆಯಾಗಿ ಕೇಳಿಸುತ್ತದೆ.

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಅಬ್ದುಲಜೀಜ್ ಗುಲೂಮ್ 2006ರಲ್ಲಿ ಬರೆದ ಒಂದು ಚಿಕ್ಕ ಪ್ರಬಂಧ ನನ್ನ ಈ ಅಭಿಪ್ರಾಯಕ್ಕೆ ಆಧಾರ. ಅವರ ಸಲಹೆ ಸರಳ. ಮೊದಲ ದಿನದ ಕಂಪೈಲರ್‌ಗೆ ಒಂದು ಸಂಖ್ಯೆಯನ್ನು ಮಾತ್ರ ಅರ್ಥಮಾಡಿಕೊಳ್ಳಲು ಬರಲಿ, ಆದರೆ ಅದು ಪೂರ್ತಿ ಕಂಪೈಲರ್ ಆಗಿರಲಿ, ಅದರಿಂದ ಹೊರಬಂದದ್ದು ಓಡಲಿ. ಮರುದಿನ ಕೂಡಿಸುವುದನ್ನು ಸೇರಿಸಿ. ಆಮೇಲೆ ಚಲಕ (ವೇರಿಯಬಲ್), ಷರತ್ತು, ಫಂಕ್ಷನ್. ಪ್ರತಿ ಹಂತದಲ್ಲೂ ಕೈಯಲ್ಲಿ ಓಡುವ ವಸ್ತು ಇರುತ್ತದೆ. ಅರ್ಧಕ್ಕೆ ನಿಂತರೂ ಅಷ್ಟರ ಮಟ್ಟಿಗೆ ಅದು ಭಾಷೆಯೇ.

ಪುಸ್ತಕಗಳ ಪೈಕಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ರಾಬರ್ಟ್ ನಿಸ್ಟ್ರಮ್ ಅವರ ‘ಕ್ರಾಫ್ಟಿಂಗ್ ಇಂಟರ್‌ಪ್ರಿಟರ್ಸ್’. ಅಚ್ಚಾದದ್ದು 2021ರಲ್ಲಿ, ಅಂತರ್ಜಾಲದಲ್ಲಿ ಇಡೀ ಪುಸ್ತಕ ಉಚಿತ. ಲಾಕ್ಸ್ ಎಂಬ ಪುಟ್ಟ ಭಾಷೆಯನ್ನು ಅವರು ಎರಡು ಸಲ ಕಟ್ಟುತ್ತಾರೆ. ಮೊದಲ ಸಲ ಜಾವಾದಲ್ಲಿ: ಪ್ರೋಗ್ರಾಮನ್ನು ಮರದಾಕಾರದ ರಚನೆಯಾಗಿ ಹಿಡಿದು, ಆ ಮರದ ಮೇಲೆ ಓಡಾಡುತ್ತಲೇ ಉತ್ತರ ಕಂಡುಹಿಡಿಯುವುದು. ಎರಡನೆಯ ಸಲ ಸಿ ಭಾಷೆಯಲ್ಲಿ: ಬೈಟ್‌ಕೋಡ್, ಅದನ್ನು ಓಡಿಸುವ ಯಂತ್ರ, ಮೆಮೊರಿ ಗುಡಿಸುವ ಭಾಗ ಎಲ್ಲವನ್ನೂ ಕೈಯಿಂದ. ಕೋಡಿನ ಪ್ರತಿ ಸಾಲೂ ಪುಸ್ತಕದಲ್ಲಿದೆ, ಬಿಟ್ಟುಹೋದದ್ದು ಯಾವುದೂ ಇಲ್ಲ. ಜಾವಾ ಬಲ್ಲ ಬಿಸಿಎ ವಿದ್ಯಾರ್ಥಿ ಮೊದಲ ಭಾಗವನ್ನು ಒಂದು ರಜೆಯಲ್ಲಿ ಮುಗಿಸಬಹುದು.

ಆದರೆ ಇಲ್ಲೊಂದು ಕಂದಕವಿದೆ, ಬಹಳ ಜನ ಬೀಳುವುದೂ ಇಲ್ಲೇ. ನಿಸ್ಟ್ರಮ್ ಅವರ ಜಾವಾ ಭಾಗ ಜೆವಿಎಂ ಬೈಟ್‌ಕೋಡನ್ನು ಹೊರಡಿಸುವುದಿಲ್ಲ. ಸಿ ಭಾಗ ಹೊರಡಿಸುವ ಬೈಟ್‌ಕೋಡ್ ಅವರದೇ ಯಂತ್ರಕ್ಕೆ ಸೇರಿದ್ದು. ಅಂದರೆ ಸ್ವಂತ ಭಾಷೆಯನ್ನು ಸಿದ್ಧ ರನ್‌ಟೈಮ್ ಮೇಲೆ ಕೂರಿಸುವ ಹೆಜ್ಜೆ ಎರಡು ಭಾಗಗಳ ನಡುವೆ ಬಿಟ್ಟುಹೋಗಿದೆ. ಆ ಕಂದಕ ದಾಟಿಸುವ ಸಾಮಗ್ರಿ ಬೇರೆ ಕಡೆ ಇದೆ. ಡಾಟ್‌ನೆಟ್ ತಂಡದ ಇಮ್ಮೊ ಲ್ಯಾಂಡ್‌ವರ್ತ್ ಯೂಟ್ಯೂಬ್‌ನಲ್ಲಿ ಹಾಕಿರುವ ಕಂಪೈಲರ್ ಸರಣಿ ಅದರಲ್ಲಿ ನನಗೆ ಅಚ್ಚುಮೆಚ್ಚು. ಮಿನ್ಸ್ಕ್ ಎಂಬ ಭಾಷೆಯನ್ನು ಅವರು ಸಿ ಶಾರ್ಪ್‌ನಲ್ಲಿ ಸೊನ್ನೆಯಿಂದ ಕಟ್ಟುತ್ತಾರೆ. ಮೊದಲು ಮರದ ಮೇಲೆ ನಡೆಯುವ ವಿಧಾನ, ಅದು ನಿಂತ ಮೇಲೆ ಸಿಎಲ್‌ಆರ್‌ನ ಬೈಟ್‌ಕೋಡ್ ಹೊರಡಿಸುವ ವಿಧಾನ. ಅನುಭವಿ ಎಂಜಿನಿಯರ್ ಒಬ್ಬರು ಕೋಡ್ ಬರೆಯುತ್ತ, ತಪ್ಪುತ್ತ, ತಿದ್ದುತ್ತ ಹೋಗುವುದನ್ನು ಪಕ್ಕದಲ್ಲಿ ಕೂತು ನೋಡಿದಂತಾಗುತ್ತದೆ. ನಮ್ಮ ಊರಲ್ಲಿ ಅಂಥವರ ಪಕ್ಕ ಕೂರುವ ಅವಕಾಶ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಆ ಸರಣಿಗೆ ಬೆಲೆ ಹೆಚ್ಚು.

ಜೆವಿಎಂ ಕಡೆ ಹೋಗುವವರಿಗೆ ‘ಎಎಸ್‌ಎಂ’ ಎಂಬ ಲೈಬ್ರರಿ ಮತ್ತು ಅದರ ಕೈಪಿಡಿ ಸಾಕು. ಜೆವಿಎಂ ಓದುವ ಪ್ರತಿ ಕಡತವೂ ಒಂದು ನಿರ್ದಿಷ್ಟ ನಾಲ್ಕು ಬೈಟ್‌ಗಳಿಂದ ಶುರುವಾಗಬೇಕು, ಬಳಿಕ ಆವೃತ್ತಿ ಸಂಖ್ಯೆ, ಬಳಿಕ ಹೆಸರು ಮತ್ತು ಸ್ಥಿರಾಂಕಗಳ ಕೋಷ್ಟಕ. ಇದನ್ನೆಲ್ಲ ಕೈಯಿಂದ ಜೋಡಿಸುವುದು ಬೇಸರದ ಕೆಲಸ. ಎಎಸ್‌ಎಂ ಅದನ್ನು ವಹಿಸಿಕೊಳ್ಳುತ್ತದೆ. ಮೊದಲ ಷರತ್ತು ವಾಕ್ಯ ಬರೆದ ದಿನ ‘ವೆರಿಫೈ ಎರರ್’ ಎಂಬ ತಪ್ಪು ಬಂದು ಕೆಲಸ ನಿಲ್ಲುವುದು ಬಹುತೇಕ ಖಚಿತ. ಅದಕ್ಕೆ ಕಾರಣ ತಿಳಿದಿದ್ದರೆ ಕಂಗೆಡಬೇಕಾಗಿಲ್ಲ. ಜಾವಾ 7ರ ಆವೃತ್ತಿಯಿಂದ, ಕೋಡ್ ಎರಡು ದಾರಿಗಳಾಗಿ ಒಡೆದು ಮತ್ತೆ ಸೇರುವ ಪ್ರತಿ ಜಾಗದಲ್ಲಿ ಸ್ಟ್ಯಾಕ್ ಮೇಲೆ ಯಾವ ಬಗೆಯ ವಸ್ತುಗಳಿವೆ ಎಂಬ ನಕ್ಷೆಯನ್ನೂ ಕಂಪೈಲರ್ ಬರೆದುಕೊಡಬೇಕು. ಎಎಸ್‌ಎಂಗೆ ಆ ನಕ್ಷೆಯನ್ನು ತಾನೇ ಲೆಕ್ಕ ಹಾಕಿಕೊಳ್ಳುವಂತೆ ಹೇಳುವ ಆಯ್ಕೆಯೊಂದಿದೆ, ಅದನ್ನು ಹಾಕಿದರಾಯಿತು. ಇಂಥ ಒಂದು ಸಾಲಿನ ತಿಳಿವಳಿಕೆ ಸಿಗದೆ ವಾರಗಟ್ಟಲೆ ಒದ್ದಾಡಿ ಕೈಬಿಡುವವರಿದ್ದಾರೆ. ಹತ್ತಿರದಲ್ಲಿ ಕೇಳುವ ಜನ ಇಲ್ಲದ ಊರಿನಲ್ಲಿ ಕಲಿಯುವ ಕಷ್ಟ ಇದೇ.

ಎರಡು ರನ್‌ಟೈಮ್‌ಗಳಲ್ಲಿ ಯಾವುದನ್ನು ಹಿಡಿಯಬೇಕು? ಕಾಲೇಜಿನಲ್ಲಿ ಜಾವಾ ಕಲಿತಿದ್ದರೆ ಜೆವಿಎಂ. ಸಿ ಶಾರ್ಪ್ ಗೊತ್ತಿದ್ದರೆ ಸಿಎಲ್‌ಆರ್. ಡಾಟ್‌ನೆಟ್ ಎಂದರೆ ವಿಂಡೋಸ್ ಮಾತ್ರ ಎಂಬ ಕಾಲ ಹೋಯಿತು, 2014ರ ಕೊನೆಯಿಂದ ಅದರ ಮೂಲಕೋಡ್ ಮುಕ್ತವಾಗಿದೆ, ಲಿನಕ್ಸ್‌ನಲ್ಲೂ ಓಡುತ್ತದೆ. ಒಂದು ಸಾಧಾರಣ ಲ್ಯಾಪ್‌ಟಾಪ್ ಎರಡಕ್ಕೂ ಸಾಕು. ಆಯ್ಕೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಶುರು ಮಾಡದಿರಲು ನೆಪವಾಗುತ್ತದೆ, ಅಷ್ಟೇ.

ಕನ್ನಡದ ಪ್ರಶ್ನೆಗೆ ಬರುತ್ತೇನೆ. ಭಾಷೆ ಕಟ್ಟುವುದೇ ಆದರೆ ಅದರ ಪದಗಳು ಕನ್ನಡದಲ್ಲೇ ಯಾಕಿರಬಾರದು ಎಂದು ಯಾರಿಗಾದರೂ ಅನ್ನಿಸುತ್ತದೆ, ಅನ್ನಿಸಬೇಕು. ಅದಕ್ಕೆ ನಮ್ಮಲ್ಲೇ ಪೂರ್ವಿಕರಿದ್ದಾರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು ಬಳಿಕ ಕನ್ನಡ ಕಂಪ್ಯೂಟಿಂಗ್‌ಗೆ ದುಡಿದ ಡಾ. ಯು.ಬಿ. ಪವನಜ ಅವರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಆ ಕೆಲಸಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿ ಸಂದಿತು. ತಮಿಳಿನಲ್ಲಿ ಮುತ್ತಯ್ಯ ಅಣ್ಣಾಮಲೈ ಅವರು ಕಟ್ಟಿದ ‘ಎಳಿಲ್’ ಭಾಷೆ ಪೈಥಾನ್ ಮೇಲೆ ಕೂತಿದೆ. ಪೈಥಾನ್ ಕೂಡ ಮೆಮೊರಿಯನ್ನು ತಾನೇ ನೋಡಿಕೊಳ್ಳುವ ರನ್‌ಟೈಮ್ ಆದ್ದರಿಂದ, ಸಿದ್ಧ ವ್ಯವಸ್ಥೆಯ ಮೇಲೆ ಭಾಷೆ ಕೂರಿಸಿದ ಭಾರತೀಯ ಉದಾಹರಣೆಯಾಗಿ ಅದನ್ನು ಓದಬಹುದು.

ಕನ್ನಡ ಪದಗಳನ್ನು ಬಳಸಿ ಕಟ್ಟುವಾಗ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ನಿಜವಾದ ಸಮಸ್ಯೆಗಳು ಎದುರಾಗುತ್ತವೆ. ಅಂಕಿಗಳನ್ನೇ ತೆಗೆದುಕೊಳ್ಳಿ. ‘೧೨’ ಎಂಬ ಕನ್ನಡ ಅಂಕಿಯ ಪಠ್ಯವನ್ನು ಸಂಖ್ಯೆಯಾಗಿ ಓದು ಎಂದು ಜಾವಾದ ಸಿದ್ಧ ಫಂಕ್ಷನ್‌ಗೆ ಕೊಟ್ಟರೆ ಅದು ಸರಿಯಾಗಿ ಹನ್ನೆರಡು ಎಂದು ಓದುತ್ತದೆ. ಅದೇ ಪಠ್ಯವನ್ನು ಡಾಟ್‌ನೆಟ್‌ಗೆ ಕೊಟ್ಟರೆ ಪ್ರತಿ ಅಕ್ಷರವೂ ಅಂಕಿ ಹೌದು ಎಂದು ಒಪ್ಪಿಕೊಳ್ಳುತ್ತದೆ, ಸಂಖ್ಯೆಯಾಗಿ ಓದಲು ಹೋದಾಗ ಮಾತ್ರ ತಪ್ಪು ಎಂದು ನಿಲ್ಲಿಸುತ್ತದೆ. ಅಲ್ಲಿ ಅಂಕಿಗಳನ್ನು ನೀವೇ ಪರಿವರ್ತಿಸಿಕೊಳ್ಳಬೇಕು.

ಅಕ್ಷರಗಳದ್ದು ಇನ್ನೂ ಸೂಕ್ಷ್ಮ. ‘ಕೋ’ ಎಂಬುದನ್ನು ಯೂನಿಕೋಡ್‌ನಲ್ಲಿ ಕಕಾರ ಮತ್ತು ಒಂದೇ ಓತ್ವ ಎಂದು ಎರಡು ಸಂಕೇತಗಳಲ್ಲಿ ಇಡಬಹುದು. ಕಕಾರ, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಚಿಹ್ನೆ ಎಂದು ನಾಲ್ಕು ಸಂಕೇತಗಳಲ್ಲೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪೈಲರ್‌ಗೆ ಮಾತ್ರ ಅವು ಬೇರೆ ಬೇರೆ ಹೆಸರುಗಳು. ಒಬ್ಬ ವಿದ್ಯಾರ್ಥಿ ಒಂದು ಸಾಫ್ಟ್‌ವೇರ್‌ನಲ್ಲಿ ಟೈಪಿಸಿದ ‘ಕೋಳಿ’ ಎಂಬ ಚಲಕ, ಗೆಳತಿ ಇನ್ನೊಂದರಲ್ಲಿ ಟೈಪಿಸಿದ ‘ಕೋಳಿ’ಗೆ ಹೊಂದದೆ ಹೋಗಬಹುದು. ಪರಿಹಾರ ಸುಲಭ: ಪಠ್ಯವನ್ನು ಒಳಗೆ ತೆಗೆದುಕೊಂಡ ಕೂಡಲೇ ಒಂದೇ ರೂಪಕ್ಕೆ ತರುವ ಫಂಕ್ಷನ್ ಎರಡೂ ರನ್‌ಟೈಮ್‌ಗಳಲ್ಲಿ ಸಿದ್ಧವಾಗಿದೆ, ಅದನ್ನು ಕರೆಯಿರಿ. ‘ಮೀನ್‌ದರ’ ಎಂದು ಅರ್ಧಾಕ್ಷರ ಬಿಡಿಸಿ ತೋರಿಸಲು ನಡುವೆ ಒಂದು ಅಗೋಚರ ಚಿಹ್ನೆ ಕೂರುತ್ತದೆ. ಹೆಸರುಗಳನ್ನು ಹೋಲಿಸುವಾಗ ಆ ಚಿಹ್ನೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಜಾವಾ, ಸಿ ಶಾರ್ಪ್ ಎರಡರ ನಿಯಮವೂ ಹೇಳುತ್ತದೆ. ನಿಮ್ಮ ಭಾಷೆಗೂ ಅದೇ ನಿಯಮ ಇಟ್ಟುಕೊಳ್ಳುವುದು ಕ್ಷೇಮ.

ವಾಕ್ಯದ ಕ್ರಮ ಬದಲಾಯಿಸಲು ಹೊರಟರೆ ಅದು ನಿಜವಾಗಿ ಆನಂದದ ಕೆಲಸ. ಇಂಗ್ಲಿಷ್ ಮೂಲದ ಭಾಷೆಗಳಲ್ಲಿ ಷರತ್ತಿನ ಪದ ಮೊದಲು ಬರುತ್ತದೆ, ಪಾರ್ಸರ್‌ಗೆ ಮೊದಲ ಪದ ನೋಡಿದ ಕೂಡಲೇ ಇದು ಷರತ್ತಿನ ವಾಕ್ಯ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ನಾವು ‘ತೂಕ > 10 ಆದರೆ’ ಎನ್ನುತ್ತೇವೆ. ‘ಆದರೆ’ ಬರುವ ತನಕ ಇದು ಷರತ್ತೋ ಬರಿಯ ಲೆಕ್ಕವೋ ತಿಳಿಯುವುದಿಲ್ಲ. ಹಾಗಾಗಿ ಪಾರ್ಸರ್ ಮೊದಲು ಲೆಕ್ಕದ ಭಾಗವನ್ನು ಪೂರ್ತಿ ಓದಿ, ಮುಂದಿನ ಪದವನ್ನು ಇಣುಕಿ, ಅದು ‘ಆದರೆ’ ಎಂದಿದ್ದರೆ ಷರತ್ತಿನ ದಾರಿ ಹಿಡಿಯಬೇಕು. ನಿಸ್ಟ್ರಮ್ ಕಲಿಸುವ ವಿಧಾನದಲ್ಲಿ ಇದಕ್ಕೆ ನಾಲ್ಕಾರು ಸಾಲಿನ ಬದಲಾವಣೆ ಸಾಕು. ‘10ಕ್ಕಿಂತ ಹೆಚ್ಚಿದ್ದರೆ’ ಎಂದು ವಿಭಕ್ತಿ ಪ್ರತ್ಯಯವನ್ನೂ ಸೇರಿಸುತ್ತೇನೆ ಎಂದರೆ ಕೆಲಸ ಹತ್ತುಪಟ್ಟು ಬೆಳೆಯುತ್ತದೆ, ಮೊದಲ ಸಲಕ್ಕೆ ಅದು ಬೇಡ. ಇಷ್ಟು ಮುಗಿಸಿದವರು ಪಾರ್ಸಿಂಗ್ ಎಂದರೇನೆಂದು ಪರೀಕ್ಷೆಯ ಹತ್ತು ಅಂಕಗಳಿಗಿಂತ ಆಳವಾಗಿ ಬಲ್ಲವರಾಗಿರುತ್ತಾರೆ.

ಆದರೂ ಕನ್ನಡ ಪದಗಳ ಭಾಷೆಗಿಂತ ಹೆಚ್ಚು ತುರ್ತಾಗಿ ಬೇಕಾದದ್ದು ಈ ಕೆಲಸವನ್ನು ಕನ್ನಡದಲ್ಲಿ ವಿವರಿಸುವ ಬರವಣಿಗೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೇಲೆ ಹೆಸರಿಸಿದ ಎಲ್ಲ ಪುಸ್ತಕಗಳೂ ಉಪನ್ಯಾಸಗಳೂ ಇಂಗ್ಲಿಷಿನಲ್ಲಿವೆ. ಹತ್ತನೆಯ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ವಿಷಯದ ಕಷ್ಟದ ಮೇಲೆ ಭಾಷೆಯ ಕಷ್ಟವೂ ಹೇರಿದಂತಾಗುತ್ತದೆ. ಇದೇ ಸೀಮೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಹೊರೆಯನ್ನು ಇಳಿಸಲು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಮಕ್ಕಳಿಗಾಗಿ ಅದಕ್ಕೂ ಮೊದಲೇ ‘ಬಾಲ ಪ್ರಪಂಚ’ ತಂದಿದ್ದರು. ಕಾದಂಬರಿಕಾರರೊಬ್ಬರು ಭೌತಶಾಸ್ತ್ರ, ಜೀವಶಾಸ್ತ್ರಗಳನ್ನು ತಾವೇ ಓದಿ ಅರಗಿಸಿಕೊಂಡು ಕನ್ನಡದಲ್ಲಿ ಹೇಳಬಹುದಾದರೆ, ಕಂಪ್ಯೂಟರ್ ವಿಜ್ಞಾನದಲ್ಲೇ ಪದವಿ ಪಡೆದ ನಾವು ಸ್ಟ್ಯಾಕ್ ಎಂದರೇನೆಂದು ಹೇಳಲಾರೆವೇ? ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಂಥ, ಕನ್ನಡದಲ್ಲಿ ಬರೆಯುವ ಸಲಕರಣೆ ಇಂದು ಸುಲಭವಾಗಿ ಸಿಗುತ್ತದೆ. ಅದನ್ನು ಈ ಕೆಲಸಕ್ಕೂ ಬಳಸಿಕೊಳ್ಳಬೇಕು.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಪ್ರತಿ ಕಾಲೇಜಿನಲ್ಲಿ ಒಂದು ತಂಡವಾದರೂ ಚಿಕ್ಕ ಭಾಷೆಯೊಂದನ್ನು ಆರಿಸಿಕೊಳ್ಳಲಿ. ಇಂಥ ಪ್ರಾಜೆಕ್ಟ್‌ನಿಂದ ಕೆಲಸ ಸಿಗುತ್ತದೆಯೇ ಎಂದು ತಂದೆ ತಾಯಂದಿರು ಕೇಳುವುದು ಸಹಜ. ಕಂಪೈಲರ್ ಬರೆಯುವ ಹುದ್ದೆಗಳು ಕಡಿಮೆ, ನಿಜ. ಆದರೆ ಭಾಷೆ ಕಟ್ಟಿದವರಿಗೆ ಜಾವಾ ಪ್ರೋಗ್ರಾಮೊಂದು ಯಾಕೆ ನಿಧಾನವಾಯಿತು, ಮೆಮೊರಿ ಎಲ್ಲಿ ಸೋರುತ್ತಿದೆ, ತಪ್ಪಿನ ಸಂದೇಶ ಏನು ಹೇಳುತ್ತಿದೆ ಎಂಬುದು ಒಳಗಿನಿಂದ ಗೊತ್ತಿರುತ್ತದೆ. ಆ ತಿಳಿವಳಿಕೆ ಯಾವ ಕಂಪನಿಗೂ ಬೇಕು. ತಂಡದವರು ವರದಿಯ ಜೊತೆ ಕನ್ನಡದಲ್ಲಿ ಇಪ್ಪತ್ತು ಪುಟಗಳ ಟಿಪ್ಪಣಿಯನ್ನೂ ಬರೆದು ಕಾಲೇಜಿನ ಗ್ರಂಥಾಲಯದಲ್ಲಿಟ್ಟರೆ ಮುಂದಿನ ವರ್ಷದವರು ಅಲ್ಲಿಂದ ಮುಂದುವರಿಯುತ್ತಾರೆ.

ಭಾಷೆ ಓಡತೊಡಗಿದ ಮೇಲೆ ಮೂಲ ದಾಖಲೆಗಳನ್ನು ತೆರೆಯುವ ಧೈರ್ಯ ಬರುತ್ತದೆ. ಜೆವಿಎಂನ ಅಧಿಕೃತ ನಿರ್ದಿಷ್ಟಪತ್ರದಲ್ಲಿ ಕಡತದ ರಚನೆ ಹೇಳುವ ನಾಲ್ಕನೆಯ ಅಧ್ಯಾಯ, ಆದೇಶಗಳನ್ನು ಒಂದೊಂದಾಗಿ ವಿವರಿಸುವ ಆರನೆಯ ಅಧ್ಯಾಯ ಇವೆರಡು ಪಕ್ಕದಲ್ಲಿರಬೇಕು. ಸಿಎಲ್‌ಆರ್‌ಗೆ ಎಕ್ಮಾ-335 ಎಂಬ ಮಾನದಂಡದ ಮೂರನೆಯ ವಿಭಾಗ. ಎರಡೂ ಉಚಿತ. ಕಾದಂಬರಿಯಂತೆ ಮೊದಲಿನಿಂದ ಓದಲು ಹೋಗಬಾರದು, ನಿಘಂಟಿನಂತೆ ಬೇಕಾದಾಗ ತೆರೆಯಬೇಕು.

ಟಿಪ್ಪಣಿ ಬರೆಯುವವರಿಗೆ ಒಂದು ಕೋರಿಕೆ ಇದೆ. ಜೋಯೆಲ್ ಪೋಬರ್ 2008ರ ಫೆಬ್ರವರಿಯ ಎಂಎಸ್‌ಡಿಎನ್ ಮ್ಯಾಗಜಿನ್‌ನಲ್ಲಿ ಡಾಟ್‌ನೆಟ್‌ಗೆ ಚಿಕ್ಕ ಕಂಪೈಲರ್ ಕಟ್ಟುವ ಬಗ್ಗೆ ಬರೆದ ಲೇಖನ ಇಂದಿಗೂ ಓದಲು ಸೊಗಸು. ಆದರೆ ಅದರ ಕೊನೆಯ ಹೆಜ್ಜೆಯಾದ, ತಯಾರಾದ ಪ್ರೋಗ್ರಾಮನ್ನು ಕಡತವಾಗಿ ಉಳಿಸುವ ಸೌಲಭ್ಯ ಬಳಿಕದ ಡಾಟ್‌ನೆಟ್ ಕೋರ್‌ನಲ್ಲಿ ಇರಲೇ ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಡಾಟ್‌ನೆಟ್ 9ರಲ್ಲಿ ಅದು ಬೇರೆ ಹೆಸರಿನಲ್ಲಿ ಮರಳಿತು. ಜಾವಾದಲ್ಲೂ ಹಾಗೇ: ಬೈಟ್‌ಕೋಡ್ ಕಡತ ಬರೆಯಲು 2025ರ ಜಾವಾ 24ರಿಂದ ಒಳಗೇ ಒಂದು ಸೌಲಭ್ಯ ಬಂದಿದೆ, ಹಳೆಯ ಲೇಖನಗಳಿಗೆ ಅದರ ಸುಳಿವಿಲ್ಲ. ಜಾವಾ 18ಕ್ಕಿಂತ ಹಿಂದಿನದರಲ್ಲಿ ವಿಂಡೋಸ್ ಮೇಲೆ ಕನ್ನಡ ಪಠ್ಯ ಓದಿಸಲು ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಆಮೇಲೆ ಅದೇ ರೂಢಿಯಾಯಿತು. ಆದ್ದರಿಂದ ಟಿಪ್ಪಣಿಯ ಮೊದಲ ಸಾಲಿನಲ್ಲೇ ಯಾವ ರನ್‌ಟೈಮ್, ಯಾವ ಆವೃತ್ತಿ, ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡಿ. ಕೋಡಿನ ಪ್ರತಿ ತುಣುಕಿನ ಕೆಳಗೆ ಅದನ್ನು ಓಡಿಸಿದಾಗ ಪರದೆಯ ಮೇಲೆ ಬಂದ ಉತ್ತರವನ್ನೂ ಇದ್ದಂತೆಯೇ ಹಾಕಿ, ಓದುವವರು ತಮಗೆ ಬಂದ ಉತ್ತರವನ್ನು ಅದರ ಪಕ್ಕ ಇಟ್ಟು ನೋಡಲಿ.